ಪಾಡ್ಯದ ಚಂದ್ರ, ಕೆಂದಳಿಲು, ಹೊಳೆದಾಸವಾಳ: ಪುಣೆಯ ಸುತ್ತ ಮಹಾರಾಷ್ಟ್ರದ ಗುರುತುಗಳು

ಮಹಾರಾಷ್ಟ್ರ ರಾಜ್ಯ ಅಸ್ತಿತ್ವಕ್ಕೆ ಬಂದದ್ದು 1960ರ ಮೇ 1ರಂದು. 3,07,713 ಚದರ ಕಿಲೋಮೀಟರ್ ಹರಡಿರುವ ಈ ರಾಜ್ಯ ವಿಸ್ತೀರ್ಣದಲ್ಲಿ ರಾಜಸ್ಥಾನ, ಮಧ್ಯಪ್ರದೇಶಗಳ ನಂತರದ್ದು; ಜನಸಂಖ್ಯೆಯಲ್ಲಿ ಉತ್ತರ ಪ್ರದೇಶದ ನಂತರದ್ದು. 2011ರ ಜನಗಣತಿಯಲ್ಲಿ ಇಲ್ಲಿ 11.24 ಕೋಟಿ ಜನರಿದ್ದರು. ರಾಜಧಾನಿ ಮುಂಬೈ, ಚಳಿಗಾಲದ ಅಧಿವೇಶನ ನಡೆಯುವ ಎರಡನೆಯ ರಾಜಧಾನಿ ನಾಗಪುರ. ಆದರೆ ರಾಜ್ಯದ ಹೆಸರು, ಮುದ್ರೆ, ಭಾಷೆ, ಹಬ್ಬ, ಪ್ರಾಣಿ ಇವೆಲ್ಲ ಎಲ್ಲಿಂದ ಬಂದವು ಎಂದು ಹುಡುಕಿ ಹೊರಟವರಿಗೆ ಈ ಎರಡು ರಾಜಧಾನಿಗಳಿಗಿಂತ ಪುಣೆಯೇ ಹೆಚ್ಚು ಉತ್ತರ ಕೊಡುತ್ತದೆ. ಹೆಚ್ಚಿನವುಗಳ ಮೂಲ ಪುಣೆ ಜಿಲ್ಲೆಯ 15,643 ಚದರ ಕಿಲೋಮೀಟರಿನೊಳಗೇ ಸಿಗುತ್ತದೆ. ಅವುಗಳಲ್ಲಿ ಹಲವಕ್ಕೆ ಕನ್ನಡ ನಾಡಿನ ನಂಟೂ ಇದೆ.

ಬೆಂಗಳೂರಿನಿಂದ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹೋಗುವವರು ಬೆಳಗಾವಿ, ನಿಪ್ಪಾಣಿ ದಾಟಿ ಕೊಗನೋಳಿಯ ಬಳಿ ರಾಜ್ಯದ ಗಡಿ ದಾಟುತ್ತಾರೆ. ಅಂಗಡಿ ಫಲಕಗಳ ಲಿಪಿ ಬದಲಾಗುತ್ತದೆ. ಕಬ್ಬಿನ ಗದ್ದೆ, ಕಪ್ಪು ಮಣ್ಣು, ಎಮ್ಮೆಗಳ ಸಾಲು ಮಾತ್ರ ಹಾಗೆಯೇ ಮುಂದುವರಿಯುತ್ತವೆ. ಕೊಲ್ಹಾಪುರ, ಕರಾಡ, ಸಾತಾರಾ ಕಳೆದು ಕಾತ್ರಜ ಘಾಟಿನ ಏರು ದಾಟಿದ ಮೇಲೆ ಕೆಳಗೆ ಪುಣೆಯ ಬೋಗುಣಿ ಕಾಣುತ್ತದೆ. ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿ, ಮುಳಾ ಮತ್ತು ಮುಠಾ ನದಿಗಳು ಕೂಡುವಲ್ಲಿ ಈ ಊರು ಬೆಳೆದಿದೆ.

ಇಲ್ಲಿನ ನೆಲ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಪದರಪದರವಾಗಿ ಗಟ್ಟಿಯಾದ ಕರಿಕಲ್ಲು. ಮಹಾರಾಷ್ಟ್ರದ ಕೋಟೆ, ಗುಹಾಲಯ, ವಾಡೆಗಳಿಗೆಲ್ಲ ಇದೇ ಕಲ್ಲು. ಸಹ್ಯಾದ್ರಿ ರಾಜ್ಯವನ್ನು ಉದ್ದಕ್ಕೂ ಸೀಳಿ ನಿಂತಿದೆ: ಪಶ್ಚಿಮಕ್ಕೆ ಕೊಂಕಣ, ಶಿಖರದ ಸಾಲಿಗೆ ಘಾಟಮಾಥಾ, ಪೂರ್ವದ ಬಯಲುಸೀಮೆಗೆ ‘ದೇಶ’. ಮರಾಠಿಯಲ್ಲಿ ‘ದೇಶ’ ಎಂಬ ಪದಕ್ಕೆ ಈ ಎರಡನೆಯ ಅರ್ಥವೂ ಇದೆ. ಪುಣೆ ಘಟ್ಟ ಮುಗಿದು ಬಯಲು ತೊಡಗುವ ಅಂಚಿನ ಊರು. ಮುಂಬೈ ದಾರಿಯ ಲೋಣಾವಳದಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಅಲ್ಲಿಂದ ಅರುವತ್ತೈದು ಕಿಲೋಮೀಟರ್ ಪೂರ್ವಕ್ಕಿರುವ ಪುಣೆಗೆ ಸಿಗುವುದು ಏಳುನೂರರ ಆಸುಪಾಸು. ಇನ್ನೂ ಪೂರ್ವದ ತಾಲ್ಲೂಕುಗಳು ಬರಸೀಮೆಯವು. ಆಗುಂಬೆಯಿಂದ ಚಿತ್ರದುರ್ಗದ ಕಡೆಗೆ ಇಳಿದವರಿಗೆ ಈ ಬದಲಾವಣೆ ಹೊಸದೇನಲ್ಲ.

‘ಮಹಾರಾಷ್ಟ್ರ’ ಎಂಬ ಹೆಸರಿನ ಒಂದು ದೊಡ್ಡ ಸಾಕ್ಷ್ಯ ಇರುವುದು ಬಾಗಲಕೋಟೆ ಜಿಲ್ಲೆಯ ಐಹೊಳೆಯಲ್ಲಿ. ಮೇಗುಟಿ ಬಸದಿಯ ಗೋಡೆಯ ಮೇಲೆ ರವಿಕೀರ್ತಿ ಬರೆದ ಕ್ರಿ.ಶ. 634ರ ಶಾಸನ, ಇಮ್ಮಡಿ ಪುಲಕೇಶಿ 99,000 ಗ್ರಾಮಗಳ ಮೂರು ‘ಮಹಾರಾಷ್ಟ್ರಕ’ಗಳಿಗೆ ಒಡೆಯನಾದನೆಂದು ಹೇಳುತ್ತದೆ. ಬಾದಾಮಿಯ ಅರಸನ ಹೊಗಳಿಕೆಗೆಂದು ಕೆತ್ತಿದ ಕಲ್ಲು ಇಂದಿನ ನೆರೆರಾಜ್ಯದ ಹೆಸರಿಗೂ ದಾಖಲೆಯಾಗಿದೆ.

ಅದಕ್ಕೂ ಹಳೆಯ ಬರಹ ಪುಣೆ ಜಿಲ್ಲೆಯ ಜುನ್ನರ ತಾಲ್ಲೂಕಿನಲ್ಲಿದೆ. ಕೊಂಕಣದ ಬಂದರುಗಳಿಂದ ಬಯಲಿಗೆ ಸರಕು ಏರಿಬರುತ್ತಿದ್ದ ನಾಣೇಘಾಟ ಎಂಬ ಕಣಿವೆಯ ಬಾಯಲ್ಲಿ ಒಂದು ಗುಹೆ, ಅದರ ಗೋಡೆಗಳ ತುಂಬ ಬ್ರಾಹ್ಮೀ ಲಿಪಿ. ಶಾತವಾಹನ ರಾಣಿ ನಾಗನಿಕೆ ಯಜ್ಞಗಳನ್ನೂ ಕೊಟ್ಟ ದಾನಗಳನ್ನೂ ಪಟ್ಟಿಮಾಡಿಸಿದ್ದಾಳೆ. ಭಾರತದ ಅತಿ ಹಳೆಯ ಅಂಕಿಗಳ ಮಾದರಿಗಳಲ್ಲಿ ಕೆಲವು ಈ ಗೋಡೆಯ ಮೇಲಿವೆ. ಕಾಲ ಕ್ರಿಸ್ತಪೂರ್ವ ಒಂದನೆಯ ಶತಮಾನ. ಹೊರಗೆ ದಾರಿಯ ಪಕ್ಕದಲ್ಲಿ ಕಲ್ಲಿನ ದೊಡ್ಡ ಹರವಿಯೊಂದು ಕೂತಿದೆ. ಸುಂಕದ ನಾಣ್ಯಗಳನ್ನು ಅದರಲ್ಲೇ ಹಾಕುತ್ತಿದ್ದರೆಂದು ಊರಿನವರು ಹೇಳುತ್ತಾರೆ. ಶಾತವಾಹನರ ಕಾಲದ ಪ್ರಾಕೃತದಿಂದ ಮಾಹಾರಾಷ್ಟ್ರೀ ಪ್ರಾಕೃತ, ಅದರ ಹಾದಿಯಲ್ಲೇ ಮರಾಠಿ ರೂಪುಗೊಂಡಿತೆಂಬುದು ಭಾಷಾ ಇತಿಹಾಸಕಾರರ ಸಾಮಾನ್ಯ ನಿಲುವು. ಮರಾಠಿಯ ಅತಿ ಹಳೆಯ ಶಾಸನವಾಕ್ಯಗಳಲ್ಲಿ ಒಂದನ್ನು ನೋಡಲು ಮತ್ತೆ ಕರ್ನಾಟಕಕ್ಕೇ ಬರಬೇಕು: ಶ್ರವಣಬೆಳಗೊಳದ ಗೊಮ್ಮಟನ ಪಾದದ ಪಕ್ಕದಲ್ಲಿ ಅದು ಕೆತ್ತಿದೆ. ಕನ್ನಡಕ್ಕೆ 2008ರಲ್ಲಿ, ಮರಾಠಿಗೆ 2024ರ ಅಕ್ಟೋಬರಿನಲ್ಲಿ ಶಾಸ್ತ್ರೀಯ ಭಾಷೆಯ ಸ್ಥಾನ ದೊರೆಯಿತು.

ಪುಣೆಯ ಹೆಸರು ರಾಷ್ಟ್ರಕೂಟರ ತಾಮ್ರಪಟಗಳಲ್ಲಿ ಕಾಣಿಸಿಕೊಳ್ಳುತ್ತದೆ. ಒಂದನೆಯ ಕೃಷ್ಣನ ಕಾಲದ, ಕ್ರಿ.ಶ. 758 ಮತ್ತು 768ರ ಪಟಗಳು ಈ ಸೀಮೆಯನ್ನು ಪುಣ್ಯವಿಷಯ, ಪೂನಕವಿಷಯ ಎಂದು ಕರೆದಿವೆ. ಎಲ್ಲೋರದ ಕೈಲಾಸ ದೇವಾಲಯವನ್ನು ಕಡೆಸಿದ ಅರಸನೂ ಇವನೇ. ನಗರದ ನಡುವೆ, ವಾಹನಗಳ ಸದ್ದು ಕ್ಷಣವೂ ನಿಲ್ಲದ ಜಂಗಲೀ ಮಹಾರಾಜ ರಸ್ತೆಯ ಬದಿಯಲ್ಲಿ ಅದೇ ಕಾಲದ ಪಾತಾಳೇಶ್ವರ ಗುಹಾಲಯವಿದೆ. ರಸ್ತೆಯ ಮಟ್ಟದಿಂದ ಕೆಳಗಿಳಿದರೆ ಕರಿಬಂಡೆಯನ್ನೇ ಕೊರೆದ ಅಂಗಳ, ಚೌಕ ಕಂಬಗಳ ಹಜಾರ, ಒಳಗೆ ಲಿಂಗ. ಅಂಗಳದ ನಡುವೆ ಕೊಡೆ ಬಿಚ್ಚಿಟ್ಟಂಥ ದುಂಡನೆಯ ನಂದಿಮಂಟಪ. ಕೆಲಸ ಅರ್ಧಕ್ಕೇ ನಿಂತಿದೆ, ಕೆಲವು ಗೋಡೆಗಳು ಒರಟಾಗಿಯೇ ಉಳಿದಿವೆ. ಮಳಖೇಡದಿಂದ ಆಳಿದ ಈ ವಂಶದ ಆಸ್ಥಾನದಲ್ಲೇ ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಹುಟ್ಟಿತು. ಕನ್ನಡನಾಡಿನ ಎಲ್ಲೆಯನ್ನು ಅದು ಗೋದಾವರಿಯವರೆಗೆ ಹೇಳಿದ್ದು ಇಂಥ ಊರುಗಳನ್ನು ಒಳಗೊಂಡೇ.

ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು ಹೋದ ಮೇಲೆ ದೇವಗಿರಿಯ ಸೇವುಣ ಯಾದವರು ಬಂದರು. ಅವರ ಶಾಸನಗಳಲ್ಲಿ ದೊಡ್ಡ ಪಾಲು ಕನ್ನಡದ್ದು. ಮರಾಠಿ ಸಾಹಿತ್ಯಭಾಷೆಯಾಗಿ ತಲೆಯೆತ್ತಿದ್ದೂ ಅವರ ಕಾಲದಲ್ಲೇ. ಜ್ಞಾನೇಶ್ವರರು 1290ರಲ್ಲಿ ಭಗವದ್ಗೀತೆಗೆ ಮರಾಠಿ ಓವಿಗಳಲ್ಲಿ ವ್ಯಾಖ್ಯಾನ ಮಾಡಿದರು, 1296ರಲ್ಲಿ ಇಂದ್ರಾಯಣಿ ತೀರದ ಆಳಂದಿಯಲ್ಲಿ ಸಮಾಧಿಸ್ಥರಾದರು. ಅದೇ ನದಿಯ ಮೇಲಣ ದೇಹೂ, ಹದಿನೇಳನೆಯ ಶತಮಾನದ ಸಂತ ತುಕಾರಾಮರ ಊರು. ಎರಡೂ ಪುಣೆಗೆ ಹತ್ತಿರ. ಆಷಾಢ ಏಕಾದಶಿಗೆ ಪಂಢರಪುರ ಮುಟ್ಟುವಂತೆ ಇಬ್ಬರ ಪಾದುಕೆಗಳ ಪಾಲಕಿಗಳೂ ಇಲ್ಲಿಂದ ಹೊರಡುತ್ತವೆ. ದಿಂಡಿ ಕಟ್ಟಿಕೊಂಡು, ತಾಳ ಬಡಿಯುತ್ತ, ತಲೆಯ ಮೇಲೆ ತುಳಸಿಕಟ್ಟೆ ಹೊತ್ತು ವಾರಕರಿಗಳು ಸುಮಾರು 250 ಕಿಲೋಮೀಟರ್ ನಡೆಯುತ್ತಾರೆ. ಪಾಲಕಿಗಳು ಪುಣೆಯಲ್ಲಿ ತಂಗುವ ದಿನ ಹಳೆಯ ಪೇಟೆಯ ಬೀದಿಗಳಲ್ಲಿ ವಾಹನ ಹೋಗುವುದಿಲ್ಲ. ಅವರು ನೋಡಹೋಗುವ ದೇವರಾದ ವಿಠ್ಠಲನನ್ನು ಜ್ಞಾನೇಶ್ವರರ ಹೆಸರಿನ ಅಭಂಗವೊಂದು ‘ಕಾನಡಾ’, ಎಂದರೆ ಕನ್ನಡಿಗ, ಎಂದು ಕರೆದಿದೆ. ಹೊಯ್ಸಳ ಸೋಮೇಶ್ವರ 1237ರಲ್ಲಿ ದತ್ತಿ ಕೊಟ್ಟ ಶಾಸನವೂ ಪಂಢರಪುರದಲ್ಲಿದೆ. ವಿಠ್ಠಲನ ಅಂಕಿತದಲ್ಲಿ ಹಾಡಿದ ಪುರಂದರದಾಸರ ಜನ್ಮಸ್ಥಳವೆಂದು ಒಂದು ಪರಂಪರೆ ಪುಣೆಯ ಆಗ್ನೇಯದ ಪುರಂದರಗಡವನ್ನು ತೋರಿಸುತ್ತದೆ. ಇನ್ನೊಂದು ಪರಂಪರೆ ತೀರ್ಥಹಳ್ಳಿ ಬಳಿಯ ಆರಗವನ್ನು.

ಹದಿನೇಳನೆಯ ಶತಮಾನದ ಆರಂಭದಲ್ಲಿ ಪುಣೆ ಭೋಸಲೆ ಮನೆತನದ ಜಹಗೀರಿಯಾಗಿತ್ತು. 1630ರ ಆಸುಪಾಸಿನಲ್ಲಿ ಆದಿಲಶಾಹಿ ಸೇನೆ ಊರನ್ನು ಸುಟ್ಟು, ಕತ್ತೆ ಹೂಡಿದ ನೇಗಿಲಿನಿಂದ ಉಳುಮೆ ಮಾಡಿಸಿತೆಂಬುದು ಪ್ರಚಲಿತ ಕಥೆ. ಹಾಳುಬಿದ್ದ ಅದೇ ನೆಲದಲ್ಲಿ ಜೀಜಾಬಾಯಿ ಬಾಲಕ ಶಿವಾಜಿಯ ಕೈಯಲ್ಲಿ ಚಿನ್ನದ ನೇಗಿಲು ಹೂಡಿಸಿದಳೆಂಬುದು ಆ ಕಥೆಯ ಉತ್ತರಾರ್ಧ. ಶಿವಾಜಿ ಹುಟ್ಟಿದ್ದು ನಾಣೇಘಾಟದಿಂದ ದೂರವಿಲ್ಲದ, ಜುನ್ನರದ ಶಿವನೇರಿ ಕೋಟೆಯಲ್ಲಿ, 1630ರ ಫೆಬ್ರುವರಿ 19ರಂದು. ತಂದೆ ಶಹಾಜಿ ವಿಜಯಪುರದ ಸುಲ್ತಾನನ ಪರವಾಗಿ ಬೆಂಗಳೂರಿನಿಂದ ಜಹಗೀರು ನಡೆಸಿದ. 1664ರಲ್ಲಿ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ ತೀರಿಕೊಂಡ. ಅವನ ಸಮಾಧಿ ಇಂದಿಗೂ ಅಲ್ಲಿದೆ. ಮಗ ಬೆಳೆದ ಮನೆ ಪುಣೆಯ ಲಾಲ್ ಮಹಲ್. ಈಗ ಕಾಣುವುದು ಮರುಕಟ್ಟಿದ ಕಟ್ಟಡ. 1663ರಲ್ಲಿ ಮೊಘಲ್ ಸರದಾರ ಶಾಯಿಸ್ತಾ ಖಾನ ಇಲ್ಲಿ ಬಿಡಾರ ಹೂಡಿದ್ದಾಗ ಶಿವಾಜಿ ರಾತ್ರಿ ನುಗ್ಗಿ ದಾಳಿಮಾಡಿದ್ದೂ ಇದೇ ಮಹಲಿನಲ್ಲಿ.

ರಾಜ್ಯದ ಲಾಂಛನದ ಮೂಲ ಈ ಕಾಲದ್ದು. ಪುಣೆ ಬಳಿಯ ರಾಂಝೆ ಗ್ರಾಮದ ಪಾಟೀಲನ ಅಪರಾಧಕ್ಕೆ ಶಿಕ್ಷೆ ವಿಧಿಸಿದ 1646ರ ಪತ್ರ, ಶಿವಾಜಿಯ ಮುದ್ರೆ ಬಿದ್ದ ಅತಿ ಹಳೆಯ ಪತ್ರಗಳಲ್ಲಿ ಒಂದು. ತಂದೆತಾಯಿಯರ ಮುದ್ರೆಗಳು ಪಾರಸಿಯಲ್ಲಿದ್ದರೆ ಮಗನ ಎಂಟು ಮೂಲೆಯ ಮುದ್ರೆ ಸಂಸ್ಕೃತದಲ್ಲಿತ್ತು. ಪಾಡ್ಯದ ಚಂದ್ರನ ಗೆರೆಯಂತೆ ಬೆಳೆಯುವ, ಲೋಕ ವಂದಿಸುವ ಮುದ್ರೆ ಇದು. ಶಹಾಜಿಯ ಮಗ ಶಿವನದು. ಒಳಿತಿಗಾಗಿ ಶೋಭಿಸುತ್ತದೆ ಎಂಬುದು ಅದರ ತಾತ್ಪರ್ಯ. ಮಹಾರಾಷ್ಟ್ರ ಸರ್ಕಾರದ ದುಂಡು ಲಾಂಛನದಲ್ಲಿ ನಡುವೆ ಒಂದು ಸಮಯಿ, ಎಂದರೆ ಎತ್ತರದ ದೀಪದ ಕಂಬ, ಸುತ್ತ ಹದಿನಾರು ಎಸಳಿನ ಕಮಲ. ಅಂಚಿನ ಬರಹ ಶಿವಾಜಿಯ ಮುದ್ರೆಯದೇ. ಅಪ್ಪಮಗನ ಹೆಸರಿದ್ದ ಜಾಗಕ್ಕೆ ಮಹಾರಾಷ್ಟ್ರ ರಾಜ್ಯದ ಹೆಸರು ಬಂದಿದೆ. ಹದಿನಾರರ ಹರೆಯದ ಜಹಗೀರುದಾರನೊಬ್ಬ ಹಳ್ಳಿಯ ನ್ಯಾಯತೀರ್ಮಾನಕ್ಕೆ ಒತ್ತಿದ ಮುದ್ರೆಯ ಮಾತು ಈಗ ಕೋಟ್ಯಂತರ ಜನರ ಸರ್ಕಾರಿ ಕಾಗದಗಳ ತಲೆಯ ಮೇಲಿದೆ.

ಲಾಲ್ ಮಹಲಿನಿಂದ ನಡೆದು ಹೋಗುವಷ್ಟೇ ದೂರದಲ್ಲಿ ಶನಿವಾರವಾಡೆ. ಒಂದನೆಯ ಬಾಜೀರಾವ್ ಪೇಶ್ವೆ 1730ರಲ್ಲಿ ಅಡಿಗಲ್ಲಿಟ್ಟ, 1732ರಲ್ಲಿ ಗೃಹಪ್ರವೇಶ ಮಾಡಿದ. ಮುಂದಿನ ಎಂಬತ್ತೈದು ವರ್ಷ ಮರಾಠಾ ಸಾಮ್ರಾಜ್ಯದ ಲೆಕ್ಕ, ಸಂಧಿ, ಸಂಚುಗಳೆಲ್ಲ ಇಲ್ಲಿ ನಡೆದವು. ಧಾರವಾಡ, ಸವಣೂರುಗಳ ಕಂದಾಯದ ತೀರ್ಮಾನಗಳೂ ಸಹ. ಆನೆ ಗುದ್ದದಂತೆ ಕಬ್ಬಿಣದ ಮೊಳೆ ಬಡಿದ ದಿಲ್ಲಿ ದರವಾಜೆ ಉತ್ತರಕ್ಕೆ ಮುಖಮಾಡಿ ನಿಂತಿದೆ. ಒಳಗಿನ ಮರದ ಮಹಲುಗಳು 1828ರ ಬೆಂಕಿಯಲ್ಲಿ ಹೋದವು. ಉಳಿದದ್ದು ಕಲ್ಲಿನ ತಳಪಾಯ, ಕಾರಂಜಿಯ ಗುಂಡಿ, ಹೊರಗೋಡೆ. 1817ರ ನವೆಂಬರ್ 5ರಂದು ಖಡಕಿಯ ಕಾಳಗದಲ್ಲಿ ಪೇಶ್ವೆಯ ಸೇನೆ ಸೋತಿತು, ಮರುವರ್ಷ ಪೇಶ್ವೆಗಿರಿಯೇ ಮುಗಿಯಿತು. ಆಗ ಪುಣೆಯಲ್ಲಿದ್ದ ಇಂಗ್ಲಿಷ್ ರೆಸಿಡೆಂಟ್ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್. ಅವನ ಹೆಸರು ಮುಂದೆ ಒಂದು ಅಳಿಲಿನ ಜೊತೆ ಮತ್ತೆ ಬರುತ್ತದೆ.

ಬ್ರಿಟಿಷರ ಕಾಲದಲ್ಲಿ ಮುಂಬೈ ಪ್ರಾಂತ್ಯದ ಗವರ್ನರರು ಮಳೆಗಾಲ ಕಳೆಯಲು ಪುಣೆಗೆ ಬರುತ್ತಿದ್ದರು. ಅವರಿಗೆಂದು ಗಣೇಶಖಿಂಡಿಯಲ್ಲಿ ಕಟ್ಟಿದ ಗೋಪುರದ ಬಂಗಲೆ ಇಂದು 1949ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡ. 2014ರಿಂದ ವಿಶ್ವವಿದ್ಯಾಲಯಕ್ಕೆ ಸಾವಿತ್ರಿಬಾಯಿ ಫುಲೆ ಅವರ ಹೆಸರು. ಜೋತಿರಾವ್ ಮತ್ತು ಸಾವಿತ್ರಿಬಾಯಿ 1848ರಲ್ಲಿ ಭಿಡೆವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಶನಿವಾರವಾಡೆಯಿಂದ ಆ ಓಣಿಗೆ ಕಾಲ್ನಡಿಗೆಯ ದೂರ. ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರ ಸೀಮೆಗಳೂ ಅದೇ ಪ್ರಾಂತ್ಯಕ್ಕೆ ಸೇರಿದ್ದರಿಂದ ಅಲ್ಲಿನ ಹುಡುಗರಿಗೆ ಕಾಲೇಜೆಂದರೆ ಪುಣೆ. 1885ರಲ್ಲಿ ಆರಂಭವಾದ ಫರ್ಗ್ಯೂಸನ್ ಕಾಲೇಜಿನಲ್ಲಿ ಆಲೂರು ವೆಂಕಟರಾಯರು ಓದಿದರು, ದ.ರಾ. ಬೇಂದ್ರೆಯವರೂ ಓದಿದರು. ಟಿಳಕರ ಊರಿನಲ್ಲಿ ಓದಿದ ಆಲೂರರು ಧಾರವಾಡಕ್ಕೆ ಮರಳಿ ಕರ್ನಾಟಕ ಏಕೀಕರಣದ ಮೊದಲ ಮಾತುಗಾರರಾದರು. ಗದಗ ಸೀಮೆಯ ಭೀಮಸೇನ ಜೋಶಿ ಪುಣೆಯಲ್ಲೇ ನೆಲೆಸಿ, ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ಹೆಸರಿನಲ್ಲಿ 1953ರಿಂದ ನಡೆಸಿದ ಸಂಗೀತೋತ್ಸವ ಈಗ ಈ ನಗರದ ಚಳಿಗಾಲದ ಗುರುತು. ಫರ್ಗ್ಯೂಸನ್ ರಸ್ತೆಯ ವೈಶಾಲಿ, ರೂಪಾಲಿಗಳ ಇಡ್ಲಿ-ಸಾಂಬಾರಿನ ಹಿಂದೆ ಉಡುಪಿ ಕಡೆಯ ಕೈಯಿದೆ.

ರಾಜ್ಯಗಳನ್ನು ಭಾಷೆಯ ಮೇಲೆ ಕಟ್ಟುವ ಒತ್ತಾಯ ಎರಡೂ ಕಡೆ ಜೊತೆಜೊತೆಗೇ ಬೆಳೆಯಿತು. ಸಂಯುಕ್ತ ಮಹಾರಾಷ್ಟ್ರ ಬೇಕೆಂಬ ನಿರ್ಣಯ 1946ರಲ್ಲಿ ಮರಾಠಿ ಸಾಹಿತ್ಯ ಸಮ್ಮೇಳನದಲ್ಲಿ ಆಯಿತು. ಸಮ್ಮೇಳನ ನಡೆದದ್ದು ಬೆಳಗಾವಿಯಲ್ಲಿ. ಸಂಯುಕ್ತ ಮಹಾರಾಷ್ಟ್ರ ಸಮಿತಿ 1956ರ ಫೆಬ್ರುವರಿ 6ರಂದು ಪುಣೆಯಲ್ಲಿ, ಕೇಶವರಾವ್ ಜೇಧೆ ಅವರ ಮುಂದಾಳತ್ವದಲ್ಲಿ ಹುಟ್ಟಿತು. ಎಸ್.ಎಂ. ಜೋಶಿ, ಆಚಾರ್ಯ ಅತ್ರೆ, ಶ್ರೀಪಾದ ಅಮೃತ ಡಾಂಗೆ, ಸೇನಾಪತಿ ಬಾಪಟ್ ಅವರ ಜೊತೆಗಿದ್ದರು. ಅದೇ ವರ್ಷದ ನವೆಂಬರ್ 1ರಂದು ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. ಹೈದರಾಬಾದಿನ ಮರಾಠವಾಡ, ಮಧ್ಯಪ್ರದೇಶದ ವಿದರ್ಭ, ಜೊತೆಗೆ ಸೌರಾಷ್ಟ್ರ, ಕಚ್ಛ್ ಸೇರಿ ಗುಜರಾತಿ-ಮರಾಠಿ ದ್ವಿಭಾಷಾ ಮುಂಬೈ ರಾಜ್ಯವಾಯಿತು. ಆ ಏರ್ಪಾಡು ನಾಲ್ಕು ವರ್ಷ ಬಾಳಲಿಲ್ಲ. ಗೋಲಿಬಾರುಗಳಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಅವರ ನೆನಪಿಗೆ ಮುಂಬೈಯಲ್ಲಿ ಹುತಾತ್ಮ ಚೌಕವಿದೆ. ಕೊನೆಗೆ 1960ರ ಮೇ 1ರಂದು ಗುಜರಾತ್, ಮಹಾರಾಷ್ಟ್ರ ಬೇರೆಯಾದವು. ಯಶವಂತರಾವ್ ಚವ್ಹಾಣ್ ಮೊದಲ ಮುಖ್ಯಮಂತ್ರಿ. ಗಡಿಯ ತಂಟೆ ಮಾತ್ರ ಮುಗಿಯಲಿಲ್ಲ: 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ಕೊಟ್ಟ ವರದಿಯನ್ನು ಮಹಾರಾಷ್ಟ್ರ ಒಪ್ಪಲಿಲ್ಲ, 2004ರಲ್ಲಿ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು.

ಹುಟ್ಟಿದಾಗ ರಾಜ್ಯಕ್ಕೆ 26 ಜಿಲ್ಲೆಗಳಿದ್ದವು. 2014ರಲ್ಲಿ ಪಾಲಘರ್ ಸೇರಿ 36 ಆದವು. ಕೊಂಕಣ, ಪುಣೆ, ನಾಸಿಕ, ಛತ್ರಪತಿ ಸಂಭಾಜಿನಗರ, ಅಮರಾವತಿ, ನಾಗಪುರ ಎಂಬ ಆರು ಕಂದಾಯ ವಿಭಾಗಗಳಿವೆ. ವಿಧಾನಸಭೆಗೆ 288, ವಿಧಾನ ಪರಿಷತ್ತಿಗೆ 78, ಲೋಕಸಭೆಗೆ 48, ರಾಜ್ಯಸಭೆಗೆ 19 ಸ್ಥಾನ. ಅತಿ ಎತ್ತರದ ಶಿಖರ 1,646 ಮೀಟರಿನ ಕಳಸೂಬಾಯಿ.

ರಾಜ್ಯಗೀತೆ ತಡವಾಗಿ ಬಂತು. ರಾಜಾ ಬಢೆ ಬರೆದು, ಶ್ರೀನಿವಾಸ ಖಳೆ ರಾಗ ಕೂಡಿಸಿ, ಶಾಹೀರ ಸಾಬಳೆ ಹಾಡಿದ ಗೀತೆ ದಶಕಗಳಿಂದ ಜನರ ಬಾಯಲ್ಲಿದ್ದರೂ ಅಧಿಕೃತವಾದದ್ದು 2023ರ ಶಿವಜಯಂತಿಯಂದು. ಕುವೆಂಪು ಅವರ ಗೀತೆ ಕರ್ನಾಟಕದ ನಾಡಗೀತೆಯಾದದ್ದು 2004ರಲ್ಲಿ. ಮರಾಠಿ ಗೀತೆಯಲ್ಲಿ ನದಿಗಳ ಹೆಸರು ಸಾಲುಗಟ್ಟಿ ಬರುತ್ತವೆ. ಭೀಮಾತೀರದ ತಟ್ಟುಗಳೂ ಬರುತ್ತವೆ. ಭೀಮಥಡಿ ಎಂಬ ಈ ಗಿಡ್ಡ, ಗಟ್ಟಿ ಕುದುರೆಗಳ ಮೇಲೆಯೇ ಮರಾಠಾ ದಂಡು ಉತ್ತರಕ್ಕೆ ಏರಿಹೋಗಿತ್ತು. ರಾಜ್ಯದ ಹಬ್ಬದ ಪಟ್ಟ ಇನ್ನೂ ಇತ್ತೀಚಿನದು: 2025ರಲ್ಲಿ ಸಾರ್ವಜನಿಕ ಗಣೇಶೋತ್ಸವವನ್ನು ರಾಜ್ಯೋತ್ಸವವೆಂದು ಸಾರಲಾಯಿತು. 1890ರ ದಶಕದ ಆರಂಭದಲ್ಲಿ ಮನೆಯ ಗಣಪತಿ ಬೀದಿಯ ಮಂಟಪಕ್ಕೆ ಬಂದದ್ದು ಪುಣೆಯಲ್ಲೇ. ಟಿಳಕರು ಅದಕ್ಕೆ ತಮ್ಮ ‘ಕೇಸರಿ’ ಪತ್ರಿಕೆಯ ಬಲ ಕೊಟ್ಟರು. ವಿಸರ್ಜನೆಯ ಮೆರವಣಿಗೆಯಲ್ಲಿ ಮೊದಲ ಮಾನ ಇಂದಿಗೂ ಗ್ರಾಮದೇವತೆ ಕಸಬಾ ಗಣಪತಿಗೆ.

ಉಳಿದ ಗುರುತುಗಳು ಮರ, ಹೂ, ಹಕ್ಕಿಗಳವು. ರಾಜ್ಯದ ಮರ ಮಾವು. ಕೊಂಕಣದ ರತ್ನಾಗಿರಿ, ದೇವಗಡಗಳ ಆಪೂಸು ಹೆಸರುವಾಸಿಯಾದರೆ, ಪುಣೆಯ ಮುಳಶಿ ತಾಲ್ಲೂಕಿನ ಅಕ್ಕಿಗೆ ಮಾವಿನ ಹೂವಿನ ಪರಿಮಳವಿದೆಯೆಂದು ಆಂಬೆಮೋಹರ ಎಂದೇ ಹೆಸರು. ರಾಜ್ಯದ ಹೂ ತಾಮ್ಹಣ, ನಮ್ಮ ಹೊಳೆದಾಸವಾಳ. ಏಪ್ರಿಲ್ ಕೊನೆಯಿಂದ ನೇರಳೆ ಗೊಂಚಲು ಬಿಡುವುದರಿಂದ ಮೇ 1ರ ಮಹಾರಾಷ್ಟ್ರ ದಿನಕ್ಕೆ ಸರಿಯಾಗಿ ಅರಳಿರುತ್ತದೆ. ಹಕ್ಕಿ ಹರಿಯಲ, ಹಳದಿ ಕಾಲಿನ ಹಸಿರು ಪಾರಿವಾಳ. ಆಲ, ಅತ್ತಿಯ ಹಣ್ಣಿರುವ ಮರದಲ್ಲಿ ಎಲೆಯ ನಡುವೆ ಎಲೆಯಾಗಿ ಕೂರುತ್ತದೆ. 2015ರಲ್ಲಿ ಮಹಾರಾಷ್ಟ್ರ ರಾಜ್ಯಚಿಟ್ಟೆಯನ್ನು ಹೆಸರಿಸಿದ ದೇಶದ ಮೊದಲ ರಾಜ್ಯವಾಯಿತು. ಅದು ಕರಿಮಖಮಲ್ಲಿನ ರೆಕ್ಕೆಗೆ ನೀಲಿ ಬಳಿದಂತಿರುವ ಬ್ಲೂ ಮಾರ್ಮನ್. 2020ರಲ್ಲಿ ಕರಾವಳಿಯ ಕಾಂಡ್ಲಾ ಗಿಡಗಳಲ್ಲಿ ಬಿಳಿ ಚಿಪ್ಪಿಯನ್ನು, 2023ರಲ್ಲಿ ಮೀನುಗಳಲ್ಲಿ ಪಾಪಲೆಟ್ಟನ್ನು ಆರಿಸಲಾಯಿತು. ಮಂಗಳೂರು ಕಡೆಯ ಬಿಳಿ ಮಾಂಜಿ ಇದೇ ಮೀನು.

ರಾಜ್ಯಪ್ರಾಣಿಯನ್ನು ನೋಡಲು ಪುಣೆಯಿಂದ ಸುಮಾರು 110 ಕಿಲೋಮೀಟರ್ ದೂರದ ಭೀಮಾಶಂಕರಕ್ಕೆ ಹೋಗಬೇಕು. ದಾರಿ ರಾಜಗುರುನಗರ, ಮಂಚರಗಳ ಬಯಲು ಬಿಟ್ಟು ಘಟ್ಟ ಏರುತ್ತದೆ. ಹನ್ನೆರಡು ಜ್ಯೋತಿರ್ಲಿಂಗಗಳಲ್ಲಿ ಒಂದು ಇಲ್ಲಿದೆ. ಸುತ್ತಲಿನ ಸುಮಾರು 130 ಚದರ ಕಿಲೋಮೀಟರ್ ಕಾಡು 1985ರಿಂದ ಅಭಯಾರಣ್ಯ. ಅದಕ್ಕೂ ಮೊದಲು ಈ ಕಾಡಿನ ತುಣುಕುಗಳನ್ನು ಕಾಯ್ದದ್ದು ದೇವರಾಯಿಗಳು, ಎಂದರೆ ನಮ್ಮ ದೇವರಕಾಡುಗಳು; ಮಹಾದೇವ ಕೋಳಿ ಆದಿವಾಸಿಗಳು ಅಲ್ಲಿ ಕೊಡಲಿ ಎತ್ತುತ್ತಿರಲಿಲ್ಲ. ಶೇಕರು, ಅಂದರೆ ಕೆಂದಳಿಲು, ಬಾಲವೂ ಸೇರಿ ಸುಮಾರು ಒಂದು ಮೀಟರ್ ಉದ್ದ: ಬೆನ್ನು ಕೆಂಗಂದು, ಹೊಟ್ಟೆ ಕೆನೆಬಣ್ಣ. ನೆಲಕ್ಕಿಳಿಯುವುದು ಅಪರೂಪ, ಕೊಂಬೆಯಿಂದ ಕೊಂಬೆಗೆ ಹಲವು ಮೀಟರ್ ಹಾರುತ್ತದೆ, ರೆಂಬೆಯ ತುದಿಯಲ್ಲಿ ದುಂಡನೆಯ ಗೂಡು ಕಟ್ಟುತ್ತದೆ. ಮರಗಳ ಚಪ್ಪರ ಹರಿದರೆ ಅದರ ದಾರಿಯೇ ಹರಿದಂತೆ. ಈ ಭಾಗದ ಕೆಂದಳಿಲನ್ನು 1831ರಲ್ಲಿ ವಿವರಿಸಿದ ಕರ್ನಲ್ ಸೈಕ್ಸ್ ಅದಕ್ಕೆ ಎಲ್ಫಿನ್‌ಸ್ಟನ್ನನ ಹೆಸರಿಟ್ಟ. ಹೀಗೆ ಪೇಶ್ವೆಗಿರಿ ಮುಗಿಸಿದವನ ಹೆಸರು ಪ್ರಾಣಿಶಾಸ್ತ್ರದಲ್ಲಿ ಮಹಾರಾಷ್ಟ್ರದ ರಾಜ್ಯಪ್ರಾಣಿಗೆ ಅಂಟಿತು. ಇದೇ ಜಾತಿಯ ಅಳಿಲು ದಾಂಡೇಲಿ, ಕೊಡಗುಗಳ ಕಾಡಿನಲ್ಲೂ ಇದೆ, ಅಲ್ಲಿ ಅದಕ್ಕೆ ರಾಜ್ಯದ ಪಟ್ಟವಿಲ್ಲ.

ಭೀಮಾ ನದಿ ಹುಟ್ಟುವುದೂ ಈ ಕಾಡಿನಲ್ಲೇ. ಪುಣೆಯ ಮುಳಾ-ಮುಠಾ, ಆಳಂದಿಯ ಇಂದ್ರಾಯಣಿ ಎಲ್ಲವೂ ಕೊನೆಗೆ ಸೇರುವುದು ಅದಕ್ಕೆ. ಉಜನಿ ಅಣೆಕಟ್ಟೆಯಲ್ಲಿ ನಿಂತು, ಪಂಢರಪುರದಲ್ಲಿ ಚಂದ್ರಭಾಗೆ ಎನಿಸಿಕೊಂಡು, ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳನ್ನು ಹಾಯ್ದು, ಸುಮಾರು 860 ಕಿಲೋಮೀಟರ್ ಹರಿದ ಮೇಲೆ ಅದು ರಾಯಚೂರಿನ ಉತ್ತರಕ್ಕೆ ಕೃಷ್ಣೆಯನ್ನು ಕೂಡುತ್ತದೆ.